ಮೇಷ್ಟ್ರ ಕಪಾಟಿನ ಪೆಟ್ಟಿಗೆ

ಎಲ್ಲದಕ್ಕೂ ಕಾರಣ ಗೇಟಿನ ಪಕ್ಕ ಗೋಡೆಗೆ ಒರಗಿಸಿಟ್ಟಿದ್ದ ಒಂದು ಹಳೆಯ ಮರದ ಕಪಾಟು. ಪಕ್ಕದ ಮನೆಯ ಹೆಡ್ ಮೇಷ್ಟ್ರು ತೀರಿಕೊಂಡು ಐದು ತಿಂಗಳಾಗಿತ್ತು. ಅವರ ಮಗಳು ಮನೆ ಖಾಲಿ ಮಾಡುವಾಗ ಅದನ್ನು ಸಾಗಿಸಲಾರದೆ, ಯಾರಿಗಾದರೂ ಬೇಕಾದರೆ ತಗೊಳ್ಳಲಿ ಎಂದು ಹೊರಗಿಟ್ಟು ಹೋಗಿದ್ದಳು. ಯಾರಿಗೂ ಬೇಕಿರಲಿಲ್ಲ. ನಮ್ಮ ಪಿಸುಮಾತಪ್ಪನಿಗೆ ಬೇಕಾಯಿತು.

ಪಿಸುಮಾತಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಆತ ಲೈಬ್ರರಿಯ ಗುಮಾಸ್ತ. ಹದಿನೆಂಟು ವರ್ಷ 'ಮೆಲ್ಲಗೆ ಮಾತಾಡಿ' ಎಂಬ ಬೋರ್ಡಿನ ಕೆಳಗೆ ಕೂತು ಕೂತು, ಅಂಗಡಿಯಲ್ಲಿ ಉಪ್ಪು ಕೇಳಿದರೂ ಗುಟ್ಟು ಹೇಳಿದಂತೆ ಕೇಳುತ್ತಿದ್ದ. ಮನೆಗೆ ಬಂದು ರೇಡಿಯೋ ಹಾಕಿದರೆ ನಡುಗೋಡೆಯ ಆಚೆಯಿಂದ ಮೇಷ್ಟ್ರು ಬೆರಳ ಗೆಣ್ಣಿನಿಂದ ಟಕ್ ಟಕ್ ಟಕ್ ಎಂದು ಬಡಿಯುತ್ತಿದ್ದರು. ಈತ ಸದ್ದು ತಗ್ಗಿಸುತ್ತಿದ್ದ. ಮತ್ತೆ ಟಕ್ ಟಕ್ ಟಕ್. ಈತ ಆರಿಸಿಯೇ ಬಿಡುತ್ತಿದ್ದ. ಹೋಗಿ ಮಾತಾಡೋಣವೆಂದರೆ ಮೇಷ್ಟ್ರ ಹುಬ್ಬು ನೆನೆಸಿಕೊಂಡರೇ ನಾಲಿಗೆ ಒಣಗುತ್ತಿತ್ತು. ಹೀಗೆ ಹನ್ನೊಂದು ವರ್ಷ ಅವನು ಒಂದು ಹಾಡನ್ನೂ ಕೊನೆತನಕ ಕೇಳಿರಲಿಲ್ಲ. ಮೇಷ್ಟ್ರು ಹೋದ ಮೇಲೂ ಕೈ ಅಭ್ಯಾಸಬಲದಿಂದ ಅರ್ಧಕ್ಕೇ ಆರಿಸಿಬಿಡುತ್ತಿತ್ತು.

ಆದ್ದರಿಂದ ಅವನಿಗೆ ಉಳಿದಿದ್ದ ಆಸೆ ಒಂದೇ. ತನ್ನ ಕಾರಿನಲ್ಲಿ ಕೂತು, ಗಾಜೆಲ್ಲ ಅದುರುವ ಹಾಗೆ, ಒಂದು ಹಾಡನ್ನು ಪೂರ್ತಿ ಕೇಳಬೇಕು. ಗುಜರಿಯಲ್ಲಿ ಸಿಕ್ಕ ಹತ್ತಿಂಚಿನ ಸಬ್‌ವೂಫರ್, ಎದೆ ನಡುಗಿಸುವ ದಪ್ಪ ಸದ್ದಿನ ಸ್ಪೀಕರು, ಮಂಚದ ಕೆಳಗೆ ವರ್ಷದಿಂದ ಬಿದ್ದಿತ್ತು. ಕೂರಿಸಲು ಮರದ ಪೆಟ್ಟಿಗೆಯಿಲ್ಲದೆ ಅದು ಬರೀ ಕೆಮ್ಮುತ್ತದೆ. ಅಂಗಡಿಯಿಂದ ಸಿದ್ಧ ಪೆಟ್ಟಿಗೆ ಕೊಳ್ಳುವಷ್ಟು ಅನುಕೂಲ ಅವನಿಗಿರಲಿಲ್ಲ. ಇವತ್ತು ರಜೆ. ನಾಳೆಯಿಂದ ಕಾರು ಹೆಂಡತಿಯದು. ಆಕೆ ಪರದೆ ಹೊಲಿದು ಮಾರುವವಳು, ಹೊಸದಾಗಿ ಲೈಸೆನ್ಸ್ ಪಡೆದಿದ್ದಳು, ಬೆಳಿಗ್ಗೆ ಡಿಕ್ಕಿಯ ತುಂಬ ಪರದೆ ಹೇರಿಕೊಂಡು ಹೊರಡುವವಳು.

"ಸಂಜೆಯೊಳಗೆ ನಿಮ್ಮ ಆಟ ಮುಗೀಬೇಕು. ಆಮೇಲೆ ಡಿಕ್ಕಿ ಖಾಲಿ ಇರ್ಬೇಕು," ಎಂದು ಆಕೆ ಹೊಲಿಗೆ ಮಷೀನಿನ ಮುಂದಿನಿಂದಲೇ ಹೇಳಿದಳು.

"ಒಂದೇ ಒಂದು ಹಾಡು ಕಣೇ," ಎಂದ.

"ಏನಂದ್ರಿ? ಕೇಳಿಸ್ಲಿಲ್ಲ."

ಕಪಾಟು ಒಡೆಯುವ ಸದ್ದಿಗೆ ಎದುರು ಷೆಡ್ಡಿನ ಬಡಗಿ ಕರೆಯದೆಯೇ ಬಂದ. ಗರಗಸ ಕೊಟ್ಟ, ಅದರ ಜೊತೆ ಬುದ್ಧಿಯನ್ನೂ ಕೊಟ್ಟ. ಕಪಾಟಿನ ಬಾಗಿಲುಗಳಿಂದ ಪೆಟ್ಟಿಗೆಯ ಎರಡು ಪಕ್ಕ, ಬೆನ್ನಿನಿಂದ ತಳ ಮತ್ತು ಮೇಲ್ಭಾಗ, ಒಳಗಿನ ಅಡ್ಡಹಲಗೆಗಳಿಂದ ಮುಖ ಮತ್ತು ಹಿಂಬದಿ. ಪಾತ್ರೆಯ ಮುಚ್ಚಳ ಬೋರಲು ಹಾಕಿ ಪೆನ್ಸಿಲಿನಲ್ಲಿ ಸುತ್ತು ಎಳೆದು ಸ್ಪೀಕರಿಗೆ ತೂತು ಕೊರೆದರು. ಗಾಳಿ ಆಡಲು ಬಚ್ಚಲಿಗೆ ತಂದು ಉಳಿದಿದ್ದ ಪೈಪಿನ ಗೇಣುದ್ದದ ತುಂಡು ಸಿಕ್ಕಿಸಿದರು. ಸಂದಿಗಳಿಗೆ ಅಂಟಿನಲ್ಲಿ ಕಲಸಿದ ಮರದ ಹೊಟ್ಟು, ಒಳಗೆ ಹಳೆಯ ದಿಂಬಿನ ಹತ್ತಿ.

ಬಡಗಿ ಕೊನೆಯ ಹಲಗೆಯ ಮೇಲೆ ಅಂಗೈ ಇಟ್ಟವನು ತಟ್ಟನೆ ತೆಗೆದ. "ಸಾರ್, ಇದು ಬೆಚ್ಚಗಿದೆ. ಯಾರದೋ ಬೆನ್ನು ಮುಟ್ಟಿದ ಹಾಗಿದೆ."

"ಗರಗಸ ಆಡಿಸಿದ್ವಲ್ಲ, ಅದಕ್ಕೆ."

"ಈ ಹಲಗೆಗೆ ಗರಗಸ ತಾಗಿಸೇ ಇಲ್ಲ ಸಾರ್."

ಪಿಸುಮಾತಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಸೆ ಹೊತ್ತವನಿಗೆ ಮರ ಬೆಚ್ಚಗಿದ್ದರೇನು, ತಣ್ಣಗಿದ್ದರೇನು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯನ್ನು ಡಿಕ್ಕಿಯ ತಳಕ್ಕೆ ನಾಲ್ಕು ಸ್ಕ್ರೂ ಹಾಕಿ ಬಿಗಿದು, ತಂತಿ ಜೋಡಿಸಿ, ಡ್ರೈವರ್ ಸೀಟಿನಲ್ಲಿ ಕೂತ. ಅಭ್ಯಾಸಬಲ ಎಲ್ಲಿ ಬಿಡುತ್ತದೆ, ಮೊದಲು ಸಣ್ಣಗೆ ಹಾಡು ಹಚ್ಚಿದ.

ಟಕ್ ಟಕ್ ಟಕ್.

ಡಿಕ್ಕಿಯಿಂದಲೇ ಬಂತು. ಅವನ ಕೈ ತಾನಾಗಿಯೇ ಹೋಗಿ ಸದ್ದು ತಗ್ಗಿಸಿತು. ಮತ್ತೆ ಟಕ್ ಟಕ್ ಟಕ್, ಈ ಸಲ ಇನ್ನಷ್ಟು ಅವಸರದಲ್ಲಿ. ಅವನು ಆರಿಸಿಬಿಟ್ಟ.

"ಎಲ್ಲೋ ಸ್ಕ್ರೂ ಸಡಿಲ ಆಗಿರತ್ತೆ," ಎಂದು ಬಡಗಿ ಒಂದೊಂದನ್ನೂ ಹಲ್ಲು ಕಚ್ಚಿ ಬಿಗಿದ. ಬಿಗಿದು ಮುಗಿಸಿ ಕೈ ಒರೆಸಿಕೊಳ್ಳುವಾಗ, ಹಾಡೂ ಇಲ್ಲ, ಏನೂ ಇಲ್ಲ, ಪೆಟ್ಟಿಗೆಯ ಒಳಗಿಂದ ಟಕ್ ಟಕ್ ಟಕ್. ಬಡಗಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಟಕ್ ಟಕ್ ಟಕ್. ಅವನು ಎರಡು ಹೆಜ್ಜೆ ಹಿಂದೆ ಸರಿದು, ತನಗೆ ಷೆಡ್ಡಿನಲ್ಲಿ ಬೇರೆ ಕೆಲಸ ಇದೆ ಎಂದ. ಆದರೆ ಹೋಗಲಿಲ್ಲ.

ಇಂಥ ಹೊತ್ತಿಗೆ ಮಹಡಿ ದೊಡ್ಡಮ್ಮ ಇಳಿದು ಬರದಿದ್ದರೆ ಆ ಕಟ್ಟಡಕ್ಕೆ ಮರ್ಯಾದೆಯಿಲ್ಲ. ಮೇಲಿನ ಮನೆಯಲ್ಲಿರುವ ಆಕೆಯ ದನಿ ಮೂರು ಬೀದಿಗೆ ಸಾಕು.

"ಏನಪ್ಪಾ ಅದು ಸದ್ದು? ಮೇಷ್ಟ್ರ ಕೈ ಇದ್ದ ಹಾಗಿದೆಯಲ್ಲ?" ಎಂದು ಆಕೆ ಡಿಕ್ಕಿಗೆ ತಲೆ ಹಾಕಿದಳು. ಪೆಟ್ಟಿಗೆ ಗಪ್‌ಚಿಪ್. "ನೋಡಿದ್ಯಾ, ನನ್ನ ಕಂಡ್ರೆ ಆಗಲೂ ಸುಮ್ನಾಗ್ತಿದ್ರು. ಹೋದ ಮನುಷ್ಯನ ಕಪಾಟು ಒಡೆದು ಹಾಡು ಕೇಳೋಕೆ ಕೂತಿದ್ಯಲ್ಲ, ಅವರಿಗೆ ಸಿಟ್ಟು ಬರಲ್ವೇ? ತಪ್ಪಾಯ್ತು ಅಂತ ಹೇಳು."

ಪಿಸುಮಾತಪ್ಪ ಪೆಟ್ಟಿಗೆಯ ಪೈಪಿನ ಬಾಯಿಗೆ ಬಗ್ಗಿದ. ಒಳಗಿಂದ ಸೀಮೆಸುಣ್ಣದ ವಾಸನೆ ಬಂತು. ಐದು ತಿಂಗಳ ಹಿಂದೆ ತಾನೇ ಹೆಗಲು ಕೊಟ್ಟು ಕಳಿಸಿದ ಮನುಷ್ಯ ಇಷ್ಟು ಹತ್ತಿರದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಎನ್ನಿಸಿ ಅವನಿಗೆ ಅಳುವೇ ಬಂತು.

"ತಪ್ಪಾಯ್ತು ಸಾರ್," ಎಂದು ಪಿಸುಗುಟ್ಟಿದ.

ಟಕ್ ಟಕ್ ಟಕ್.

"ಇನ್ಮೇಲೆ ಹಾಡು ಹಾಕೋದೇ ಇಲ್ಲ ಸಾರ್," ಎಂದು ಇನ್ನೂ ಮೆಲ್ಲಗೆ ಹೇಳಿದ.

ಟಕ್ ಟಕ್ ಟಕ್ ಟಕ್ ಟಕ್. ಕಾರಿನ ಹಿಂದಿನ ಗಾಜು ನಡುಗಿತು. ಹೆಂಡತಿ ಕತ್ತರಿ ಹಿಡಿದೇ ಹೊರಗೆ ಓಡಿ ಬಂದಳು.

"ಇದನ್ನ ಮೊದಲು ತೆಗೀರಿ. ನಾಳೆ ನಾನು ಪರದೆ ಎಲ್ಲಿಡ್ಲಿ?"

ತೆಗೆಯಲು ಹೋದರೆ ಸ್ಕ್ರೂಗಳು ತಿರುಗಲೊಲ್ಲವು. ಬಡಗಿ ಎಣ್ಣೆ ಬಿಟ್ಟ, ಸುತ್ತಿಗೆಯಲ್ಲಿ ಕುಟ್ಟಿದ, ಕೊನೆಗೆ ಸನ್ನೆಗೋಲು ಹಾಕಿ ಮೀಟಿದ. ಕಾರು ಮೇಲೆದ್ದಿತೇ ಹೊರತು ಪೆಟ್ಟಿಗೆ ಜಗ್ಗಲಿಲ್ಲ. ಮೀಟಿದಾಗಲೆಲ್ಲ ಒಳಗೆ ಯಾರೋ ಗಂಟಲು ಸರಿ ಮಾಡಿಕೊಂಡಂತಾಗುತ್ತಿತ್ತು. ಮನೆಯ ಬೆಕ್ಕು ಕಾರಿನ ಸುತ್ತ ಒಂದು ಸುತ್ತು ಬಂದು, ಡಿಕ್ಕಿಯ ಎದುರು ಬಾಲ ಮಡಚಿ ಶಿಷ್ಯನಂತೆ ಕೂತುಬಿಟ್ಟಿತು. ಅದನ್ನು ನೋಡಿದ ಮೇಲೆ ಯಾರಿಗೂ ನಗು ಬರಲಿಲ್ಲ.

"ಮಗಳಿಗೆ ಫೋನ್ ಮಾಡು," ಎಂದಳು ದೊಡ್ಡಮ್ಮ. "ಅಪ್ಪನ್ನ ಸಮಾಧಾನ ಮಾಡೋದು ಅವಳಿಗೆ ಗೊತ್ತಿರತ್ತೆ."

ಮೇಷ್ಟ್ರ ಮಗಳು ನಾಲ್ಕು ಗಂಟೆಗೆ ಬಂದಳು. ನಡೆದದ್ದನ್ನೆಲ್ಲ ಕೇಳಿ, ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಅದು ಮೆಲ್ಲಗೆ ಟಕ್ ಟಕ್ ಟಕ್ ಎಂದಿತು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗೆಯಿತ್ತು.

"ಅಣ್ಣಾ, ಅಪ್ಪ ಗೋಡೆ ಬಡೀತಿದ್ದಿದ್ದು ಯಾಕೆ ಅಂತ ಅಂದ್ಕೊಂಡಿದ್ರಿ?"

"ಸದ್ದು ಕಮ್ಮಿ ಮಾಡು ಅಂತ."

"ಏನಂದ್ರಿ?"

"ಕಮ್ಮಿ ಮಾಡು ಅಂತ," ಹೆಂಡತಿ ಅವನ ಪರವಾಗಿ ಹೇಳಿದಳು.

"ಅಯ್ಯೋ. ಅವರಿಗೆ ಕಿವಿ ಮಂದ ಆಗಿತ್ತು. ಹೇಳ್ಕೊಳ್ಳೋಕೆ ನಾಚಿಕೆ. ಜೋರಾಗಿ ಹಾಕು ಅಂತ ಬಡೀತಿದ್ರು. ನೀವು ಆರಿಸಿದ್ರೆ ಸುಮ್ನೆ ಕೂತ್ಕೊಂಡು, 'ಪಾಪ, ಒಳ್ಳೆ ಹುಡುಗ, ರೇಡಿಯೋನೇ ಸರಿಯಿಲ್ಲ ಅನ್ಸತ್ತೆ' ಅಂತಿದ್ರು. ಹನ್ನೊಂದು ವರ್ಷ ಒಂದು ಹಾಡೂ ಪೂರ್ತಿ ಕೇಳ್ಲಿಲ್ಲ ಅವರು."

ಪಿಸುಮಾತಪ್ಪ ಮೇಷ್ಟ್ರ ಖಾಲಿ ಮನೆಯ ಕಡೆ ನೋಡಿದ. ಗೋಡೆಯ ಈ ಕಡೆ ತಾನು, ಆ ಕಡೆ ಅವರು, ಇಬ್ಬರೂ ಅದೇ ಅರ್ಧ ಹಾಡನ್ನು ಹಿಡಿದುಕೊಂಡು ಕೂತಿದ್ದರು. ಎದ್ದು ಹೋಗಿ ಬಾಗಿಲು ತಟ್ಟಿದ್ದರೆ ಮುಗಿಯುತ್ತಿತ್ತು.

ಬಡಗಿಯ ಜೇಬಿನಿಂದ ಫ್ಯೂಸ್ ವಾಪಸು ಬಂತು. ಪಿಸುಮಾತಪ್ಪ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿದ.

ಆ ಸದ್ದಿಗೆ ಗೇಟು ಗಲಗಲ ಎಂದಿತು. ಎದೆಯೊಳಗೆ ಇನ್ನೊಂದು ಎದೆ ಬಡಿದ ಹಾಗಾಯಿತು ಅವನಿಗೆ. ಪಲ್ಲವಿ ಕಳೆಯಿತು, ಯಾವತ್ತೂ ದಾಟದ ಮೊದಲ ಚರಣ ಕಳೆಯಿತು, ಎರಡನೆಯ ಚರಣದಲ್ಲಿ ಹಾಡು ಹೀಗೆ ತಿರುಗುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಪೆಟ್ಟಿಗೆ ಒಂದು ಸಲವೂ ಬಡಿಯಲಿಲ್ಲ. ಹಾಡು ಮುಗಿದಾಗ ಅವನ ಕೆನ್ನೆ ಒದ್ದೆಯಾಗಿತ್ತು. ಬದುಕಿನಲ್ಲಿ ಅವನು ಅಷ್ಟು ಸುಖವಾಗಿದ್ದದ್ದು ಅದೊಂದೇ ನಾಲ್ಕು ನಿಮಿಷ.

ಆರಿಸಿ ಕೆಳಗಿಳಿದ. ಟಕ್ ಟಕ್ ಟಕ್.

ಮತ್ತೆ ಹಾಕಿದ. ಮುಗಿಯಿತು. ಟಕ್ ಟಕ್ ಟಕ್. ಮೂರನೆಯ ಸಲಕ್ಕೆ ಮೇಷ್ಟ್ರ ಮಗಳು, "ಹನ್ನೊಂದು ವರ್ಷದ ಬಾಕಿ ಅಣ್ಣಾ, ನಂಗೆ ಬಸ್ಸಿಗೆ ಹೊತ್ತಾಯ್ತು," ಎಂದು ಪೆಟ್ಟಿಗೆಯನ್ನು ಸವರಿ ಹೊರಟಳು. ಆರನೆಯ ಸಲಕ್ಕೆ ದೊಡ್ಡಮ್ಮ ಕಿವಿಗೆ ಹತ್ತಿ ಇಟ್ಟುಕೊಂಡಳು. ಒಂಬತ್ತನೆಯ ಸಲಕ್ಕೆ ಬೀದಿಯ ಕಿಟಕಿಗಳೆಲ್ಲ ಮುಚ್ಚಿದವು. ಬೆಕ್ಕು ಮಾತ್ರ ಕದಲಲಿಲ್ಲ.

"ಹೆದರ್ಬೇಡಿ ಸಾರ್, ಬ್ಯಾಟರಿ ಎಷ್ಟು ಹೊತ್ತು ಬರತ್ತೆ? ಅದು ಮುಗಿದ್ರೆ ಎಲ್ಲ ಮುಗೀತು," ಎಂದು ಬಡಗಿ ಸಮಾಧಾನ ಹೇಳಿದ.

ಸಂಜೆ ಬಿಸಿಲು ಗೋಡೆಯಿಂದ ಇಳಿಯುವಾಗ ಬ್ಯಾಟರಿ ಮುಗಿಯಿತು. ಹಾಡು ಎಳೆದು ಎಳೆದು ಅರ್ಧಕ್ಕೆ ನಿಂತಿತು, ಮೀಟರಿನ ದೀಪ ಆರಿತು. ನಾಲ್ವರೂ ಡಿಕ್ಕಿಯತ್ತ ಬಗ್ಗಿದರು.

ಟಕ್ ಟಕ್ ಟಕ್.

ಬಡಗಿ ಈ ಸಲ ನಿಜವಾಗಿಯೂ ಷೆಡ್ಡಿಗೆ ಹೋದ. ದೊಡ್ಡಮ್ಮ ಮೆಟ್ಟಿಲು ಹತ್ತುತ್ತಲೇ, "ಹಾಡು ನಿಂತ್ರೆ ಬಡೀತಾರೆ, ಅಷ್ಟೇ ತಾನೆ? ನಿಂಗೂ ಬಾಯಿ ಇದೆಯಲ್ಲಪ್ಪಾ," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಹೋದಳು.

ಪಿಸುಮಾತಪ್ಪ ಹೆಂಡತಿಯ ಮುಖ ನೋಡಿದ. ಆಕೆ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಹಾಡ್ರಿ. ಪರದೆ ಹಿಂದಿನ ಸೀಟಲ್ಲಿಟ್ಕೋತೀನಿ. ನಾಳೆ ರಜೆ ಬರೆದು ನನ್ನ ಜೊತೆ ಬನ್ನಿ. ಗಿರಾಕಿ ಮನೆ ಮುಂದೆ ನಿಂತಾಗ ಇದು ಬಡೀಬಾರ್ದು."

ಅವನು ಡಿಕ್ಕಿಯ ಮುಂದೆ ನಿಂತು ಪಲ್ಲವಿಯನ್ನು ಪಿಸುಗುಟ್ಟಿದ. ಟಕ್ ಟಕ್ ಟಕ್. ಗಂಟಲಿನಿಂದ ಹಾಡಿದ. ಟಕ್ ಟಕ್. ಕೊನೆಗೆ ಕಣ್ಣು ಮುಚ್ಚಿ, ಹದಿನೆಂಟು ವರ್ಷದಿಂದ ಒಳಗೆ ಮಡಚಿಟ್ಟಿದ್ದ ದನಿಯನ್ನೆಲ್ಲ ಬಿಚ್ಚಿ, ಹೊಟ್ಟೆಯ ಬುಡದಿಂದ ಕೂಗಿ ಹಾಡಿದ. ಶ್ರುತಿಯಿರಲಿಲ್ಲ, ತಾಳವಿರಲಿಲ್ಲ, ಎಲ್ಲೋ ಒಂದು ನಾಯಿ ಜೊತೆಗೆ ದನಿ ಸೇರಿಸಿತು. ಪೆಟ್ಟಿಗೆ ತೆಪ್ಪಗಿತ್ತು. ಎರಡನೆಯ ಚರಣವನ್ನೂ ಮುಗಿಸಿ, ಏದುಸಿರು ಬಿಡುತ್ತ ಅವನು ಕಿವಿಗೊಟ್ಟ.

ಸದ್ದಿಲ್ಲ. ಒಂದು ನಿಮಿಷ ಕಳೆಯಿತು. ಮುಗಿಯಿತು ಎಂದುಕೊಂಡು ಅವನು ಡಿಕ್ಕಿಯ ಬಾಗಿಲಿಗೆ ಕೈ ಹಾಕಿದ.

ಒಳಗಿನ ಕತ್ತಲೆಯಲ್ಲಿ, ಹತ್ತಿಯ ಮಧ್ಯದಿಂದ, ಮುದಿ ಕೈಗಳೆರಡು ನಿಧಾನವಾಗಿ ಚಪ್ಪಾಳೆ ತಟ್ಟಿದವು. ಆಮೇಲೆ, ಇನ್ನೊಂದು ಹಾಡಿಗೆಂದು, ಟಕ್ ಟಕ್ ಟಕ್.