ಬೀಗರೂಟದಲ್ಲಿ ನನ್ನ ಹತ್ತು ಉಸಿರು

ನಾನು ಮೂಲತಃ ಶಾಂತ ಸ್ವಭಾವದ ಮನುಷ್ಯ. ಈ ಸಂಗತಿ ಐವತ್ತೆರಡು ವರ್ಷಗಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ, ಅಷ್ಟೆ. ಅದಕ್ಕೆ ಕಾರಣ ನನ್ನ ಉದ್ಯೋಗ. ಹಾನುಬಾಳು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಆಳುಗಳ ಹಾಜರಿ ಬರೆಯುವುದು, ಯಾರು ಬಂದರು, ಯಾರು ಬರಲಿಲ್ಲ, ಯಾರು ಬಂದೂ ಗಿಡದ ಮರೆಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಾರೆ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ ಕೂಗಲು ಶುರು ಮಾಡಿದರೆ ಸಂಜೆ ಸ್ಟೋರಿಗೆ ಬೀಗ ಹಾಕುವವರೆಗೂ ಕೂಗುತ್ತಿರಬೇಕು. ಇಂಥ ಕೆಲಸದಲ್ಲಿ ಶಾಂತ ಸ್ವಭಾವ ಹೊರಗೆ ಕಾಣುವುದಾದರೂ ಹೇಗೆ?

ಈ ವರ್ಷ ಕಣದಲ್ಲಿ ಒಣಗಲು ಹರವಿದ ಕಾಫಿಯ ಮೇಲೆ ಎರಡು ಸಲ ಮಳೆ ಹೊಯ್ಯಿತು. ಅದರ ಬೆನ್ನಿಗೇ ಅಕ್ಕನ ಮಗಳು ಚೈತ್ರಳ ಮದುವೆ ಗೊತ್ತಾಯಿತು. ಭಾವ ತೀರಿಕೊಂಡ ಮೇಲೆ ಅಕ್ಕ ಮತ್ತು ಚೈತ್ರ ನಮ್ಮ ಮನೆಯಲ್ಲೇ ಇದ್ದವರು. ನಾಲ್ಕು ವರ್ಷದ ಮಗುವಾಗಿ ಬಂದ ಚೈತ್ರ ನನ್ನ ಹೆಗಲ ಮೇಲೆ ಕೂತು ಕಾಫಿ ತೋಟವನ್ನೆಲ್ಲ ಸುತ್ತಿದವಳು. ಅವಳು ಹೋಗುವ ಮನೆಯಲ್ಲಿ ಚೆನ್ನಾಗಿರಬೇಕು ಎಂಬ ಒಂದೇ ಯೋಚನೆಯಲ್ಲಿ ನನಗೆ ನಿದ್ದೆ ಕೆಟ್ಟು, ಒಂದು ದಿನ ಕಣದಲ್ಲೇ ತಲೆ ಸುತ್ತಿ ಕೂತುಬಿಟ್ಟೆ.

ಸಕಲೇಶಪುರದ ಡಾಕ್ಟರು ಬಿಪಿ ನೋಡಿ ಮಾತ್ರೆ ಬರೆದುಕೊಟ್ಟರು. ಟೆನ್ಷನ್ ಕಮ್ಮಿ ಮಾಡಿ, ಉಪ್ಪು ಸ್ವಲ್ಪ ಹಿಡಿತದಲ್ಲಿರಲಿ, ಸೊಪ್ಪು ಕಾಳು ಹೆಚ್ಚು ತಿನ್ನಿ, ಊಟ ನಿಧಾನವಾಗಿ ಮಾಡಿ, ಸಿಟ್ಟು ಬಂದಾಗ ನಾಲ್ಕು ಸಲ ದೀರ್ಘವಾಗಿ ಉಸಿರಾಡಿ ಎಂದರು. ಇಷ್ಟೇ ಅವರು ಹೇಳಿದ್ದು. ಇಷ್ಟನ್ನು ಇಷ್ಟಕ್ಕೇ ಬಿಟ್ಟಿದ್ದರೆ ನಾನು ಇವತ್ತು ಆಲೂರು ಪೇಟೆಯಲ್ಲಿ ತಲೆಯೆತ್ತಿ ಓಡಾಡಬಹುದಿತ್ತು.

ಆದರೆ ನಾನು ಯಾವ ಕೆಲಸವನ್ನೂ ಅರ್ಧಕ್ಕೆ ನಿಲ್ಲಿಸುವವನಲ್ಲ. ಫೋನಿನಲ್ಲಿ ಹತ್ತಾರು ವಿಡಿಯೋ ನೋಡಿ ಡಾಕ್ಟರ ಸಲಹೆಯನ್ನು ನಾನೇ ಪರಿಷ್ಕರಿಸಿದೆ. ಸ್ವಲ್ಪ ಉಪ್ಪು ಹೋಗಿ ಉಪ್ಪೇ ಇಲ್ಲ ಎಂದಾಯಿತು. ಮೂರು ಹೊತ್ತೂ ಮೊಳಕೆ ಬಂದ ಹೆಸರುಕಾಳು. ನಾಲ್ಕು ಉಸಿರು ಹತ್ತು ಉಸಿರಾಯಿತು. ಅದನ್ನು ಪ್ರತಿ ಊಟಕ್ಕೆ ಮೊದಲು ಕಣ್ಣು ಮುಚ್ಚಿ ಎಣಿಸಬೇಕು. ನಡುವೆ ಮಾತಾಡಿದರೆ ಮತ್ತೆ ಒಂದರಿಂದ ಶುರು! ಈ ಕೊನೆಯ ನಿಯಮ ಯಾವ ವಿಡಿಯೋದಲ್ಲೂ ಇರಲಿಲ್ಲ, ನನ್ನ ಸ್ವಂತದ್ದು.

ಮನೆಯವರಿಗೂ ಒಳ್ಳೆಯದಾಗಲಿ ಎಂದು ಒಲೆಯ ಪಕ್ಕದ ಉಪ್ಪಿನ ಜಾಡಿಯನ್ನು ಅಟ್ಟಕ್ಕೆ ಸೇರಿಸಿದೆ. ನನ್ನ ಹೆಂಡತಿ ಜಲಜ ಒಂದು ವಾರ ಸುಮ್ಮನಿದ್ದಳು. ಆಮೇಲೆ, “ರೀ, ನಿಮ್ ಬಿಪಿ ಇಳೀತೋ ಇಲ್ವೋ ಗೊತ್ತಿಲ್ಲ, ನಂಗಂತೂ ಏರ್ತಾ ಐತೆ” ಎಂದು ಹೇಳಿ ಸ್ಟೂಲು ಹತ್ತಿ ಜಾಡಿ ಇಳಿಸಿಕೊಂಡಳು.

ತೋಟದಲ್ಲೂ ಪ್ರಯೋಗ ನಡೆಯಿತು. ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರ ಸವರಲು ಕಳಿಸಿದ್ದ ಆಳು ಕೊಂಬೆ ಕಡಿಯುವ ಬದಲು ಇಡೀ ಮರವನ್ನೇ ಕೆಡವಿದ್ದ. ಸಿಟ್ಟು ನೆತ್ತಿಗೇರಿತು. ಕೂಗಲಿಲ್ಲ. ಅಲ್ಲೇ ಕಣ್ಣು ಮುಚ್ಚಿ ನಿಂತು, ಮೂಗಿನಲ್ಲಿ ಬುಸ್ ಬುಸ್ ಎಂದು ಹತ್ತು ಉಸಿರು ಎಳೆದು ಬಿಟ್ಟೆ. ಕಣ್ಣು ತೆರೆದಾಗ ಆಳುಗಳ ಲೈನ್ ಮನೆಗಳ ಹೆಂಗಸರೆಲ್ಲ ಸುತ್ತ ನಿಂತಿದ್ದರು. ನನ್ನ ಮೈಮೇಲೆ ದೇವರು ಬಂದಿದೆ ಎಂದು ಅವರ ಎಣಿಕೆ. ಒಬ್ಬಾಕೆ ಕೈಮುಗಿದು, ಮೂರು ದಿನದಿಂದ ಕಾಣೆಯಾದ ತನ್ನ ಮೇಕೆ ಯಾವ ದಿಕ್ಕಿಗೆ ಹೋಗಿದೆ ಎಂದು ಕೇಳಿದಳು. ನಾನು ಇದನ್ನೆಲ್ಲ ಎಚ್ಚರಿಕೆ ಎಂದು ತಿಳಿಯಬೇಕಿತ್ತು. ಯಶಸ್ಸು ಎಂದು ತಿಳಿದೆ.

ಮದುವೆ ಚೆನ್ನಾಗಿಯೇ ಮುಗಿಯಿತು. ಮೂರನೇ ದಿನ ಆಲೂರಿನ ಹತ್ತಿರ ಗಂಡಿನ ಮನೆಯಲ್ಲಿ ಬೀಗರೂಟ. ಮದುವೆಯ ಸಿಹಿಯೂಟ ಆದ ಮೇಲೆ ಹೆಣ್ಣಿನ ಕಡೆಯವರನ್ನು ಕರೆದು ಬಾಡೂಟ ಹಾಕುವುದು ನಮ್ಮಲ್ಲಿ ಮದುವೆಯಷ್ಟೇ ದೊಡ್ಡ ಕಾರ್ಯ. ಊಟ ಹೇಗಿತ್ತು, ಯಾರು ಎಷ್ಟು ಉಂಡರು ಎಂಬುದರ ಮೇಲೆ ಎರಡು ಮನೆಯ ಬಾಂಧವ್ಯ ಅಳೆಯುತ್ತಾರೆ. ಚೈತ್ರಳಿಗೆ ತಂದೆಯಿಲ್ಲದ ಕಾರಣ ಹೆಣ್ಣಿನ ಕಡೆಯ ಯಜಮಾನ ನಾನೇ. ಜೀಪು ಹತ್ತುವಾಗಲೇ ಜಲಜ ಎಚ್ಚರಿಸಿದ್ದಳು, ಇವತ್ತೊಂದು ದಿನ ನಿಮ್ಮ ಕಾಳು ಬೇಡ, ಅವರು ಬಡಿಸಿದ್ದರಲ್ಲಿ ನಾಲ್ಕು ತುತ್ತು ಉಂಡು ಎದ್ದರೆ ಸಾಕು ಎಂದು. ಆಗಲಿ ಎಂದು ತಲೆಯಾಡಿಸಿ, ಕಾಳಿನ ಸ್ಟೀಲ್ ಡಬ್ಬಿಯನ್ನು ಅವಳ ಬ್ಯಾಗಿನ ತಳಕ್ಕೆ ನಾನೇ ತುರುಕಿದ್ದೆ.

ಶಾಮಿಯಾನದ ಕೆಳಗೆ ಮೊದಲ ಪಂಕ್ತಿಯ ತಲೆಗೆ ನನ್ನನ್ನು ಕೂರಿಸಿದರು. ಬೀಗರು ರುದ್ರೇಗೌಡರು ತಾವೇ ನಿಂತು ಬಡಿಸಿದರು. ಅಕ್ಕಿ ಕಡುಬು, ಮಟನ್ ಸಾರು, ಕೈಮದ ಉಂಡೆ, ನನಗೆಂದೇ ಎತ್ತಿಟ್ಟ ಲಿವರ್ ಫ್ರೈ. ಎಲೆ ತುಂಬಿತು. ನಾನು ಕಣ್ಣು ಮುಚ್ಚಿದೆ. ಒಂದು.

ಯಜಮಾನ ಕೈ ಹಾಕುವವರೆಗೆ ಪಂಕ್ತಿಯಲ್ಲಿ ಯಾರೂ ಊಟ ಶುರು ಮಾಡುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮೂರನೇ ಉಸಿರಿನ ಹೊತ್ತಿಗೆ ಮನಸ್ಸು ಎಷ್ಟು ಹಗುರವಾಗಿತ್ತೆಂದರೆ ಪಂಕ್ತಿ ಮರೆತೇ ಹೋಗಿತ್ತು. ಐದರ ಹೊತ್ತಿಗೆ ಸುತ್ತಲೂ ನಿಶ್ಶಬ್ದ. ಎಂಥ ಶಾಂತಿ ಎಂದುಕೊಂಡೆ! ಎಂಟನೆಯದಕ್ಕೆ ರುದ್ರೇಗೌಡರ ದನಿ ಕಿವಿಯ ಹತ್ತಿರವೇ ಕೇಳಿತು.

“ಬೀಗ್ರೆ, ಏನಾರ ಕಮ್ಮಿ ಆಯ್ತಾ? ನಮ್ ಕಡೆಯಿಂದ ತಪ್ಪಾಗಿದ್ರೆ ಹೇಳ್ಬುಡಿ.”

ಮಾತಾಡಿದರೆ ಒಂದರಿಂದ ಶುರು. ಆದ್ದರಿಂದ ಕಣ್ಣು ಮುಚ್ಚಿಕೊಂಡೇ, ಎರಡೇ ಬಾಕಿ ಇದೆ ತಾಳಿ ಎಂಬರ್ಥದಲ್ಲಿ ಕೈಯೆತ್ತಿ ತೋರಿಸಿದೆ.

ಪಂಕ್ತಿಯ ಯಜಮಾನ ತುಂಬಿದ ಎಲೆಯ ಮುಂದೆ ಕೈಯೆತ್ತಿದರೆ ಅದಕ್ಕೆ ಒಂದೇ ಅರ್ಥ. ಯಾರೂ ಉಣ್ಣಬೇಡಿ! ಪಕ್ಕದಲ್ಲಿದ್ದ ನಮ್ಮ ಚಿಕ್ಕಪ್ಪ ಇಂಥ ಸಂದರ್ಭಕ್ಕಾಗಿಯೇ ಎಲ್ಲ ಮದುವೆಗೂ ಬರುವವರು. “ಏಳ್ರೋ ಎಲ್ಲ. ನಮ್ ಶಿವು ಕೈ ಎತ್ತವ್ನೆ ಅಂದ್ರೆ ಹೆಣ್ಮಗಿಗೆ ಇಲ್ಲೇನೋ ಆಗೈತೆ” ಎಂದು ಟವೆಲ್ ಕೊಡವಿ ಎದ್ದೇಬಿಟ್ಟರು. ನಾನು ಹತ್ತು ಮುಗಿಸಿ ಪ್ರಸನ್ನನಾಗಿ ಕಣ್ಣು ತೆರೆದಾಗ ನಮ್ಮ ಕಡೆಯ ಅರವತ್ತು ಜನ ಎಲೆ ಬಿಟ್ಟು ನಿಂತಿದ್ದರು. ಅವರ ಕಡೆಯವರು ಎದುರಿಗೆ ನಿಂತಿದ್ದರು. ಕೂತವನು ನಾನೊಬ್ಬನೇ.

ಈಗಲಾದರೂ ಒಂದು ತುತ್ತು ಬಾಯಿಗಿಟ್ಟಿದ್ದರೆ ಮುಗಿಯುತ್ತಿತ್ತು. ನನಗೆ ವಿವರಣೆ ಕೊಡುವ ಚಟ. ಇದೆಲ್ಲ ಆರೋಗ್ಯದ ಸಲುವಾಗಿ, ನಿಮ್ಮ ಮೇಲೆ ಏನೂ ಇಲ್ಲ ಎಂದು ಹೇಳುತ್ತ, ಅದಕ್ಕೆ ಸಾಕ್ಷಿಯಾಗಿ ಹತ್ತಿರ ಬಂದು ನಿಂತಿದ್ದ ಜಲಜಳ ಬ್ಯಾಗಿಗೆ ಕೈಹಾಕಿ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಎಲ್ಲರಿಗೂ ತೋರಿಸಿದೆ. ಜಲಜ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚೈತ್ರಳ ಅತ್ತೆ ಹಿಂದಿನ ದಿನದಿಂದ ಒಲೆ ಮುಂದೆ ನಿಂತು ಬೆಂದಿದ್ದರು. ಡಬ್ಬಿಯನ್ನು ನೋಡಿದವರೇ ಅಳಲು ಶುರು ಮಾಡಿದರು.

“ನಮ್ಮನೇಲಿ ಉಣ್ಬಾರ್ದು ಅಂತ ಬುತ್ತಿ ಕಟ್ಕೊಂಡೇ ಬಂದವ್ರೆ” ಎಂದರು.

ಗದ್ದಲವೋ ಗದ್ದಲ. ನನ್ನ ಮಾತು ಯಾರಿಗೂ ಕೇಳಿಸದು. ಆಗ ನನ್ನೊಳಗಿನ ರೈಟರ್ ಎದ್ದು ನಿಂತ. ಗುಡ್ಡದ ಈ ತುದಿಯಿಂದ ಆ ತುದಿಗೆ ಆಳು ಕರೆಯುವ ದನಿಯಲ್ಲಿ, ನನಗೆ ಯಾರ ಮೇಲೂ ಸಿಟ್ಟಿಲ್ಲ, ನಾನು ಪೂರ್ಣ ಸಮಾಧಾನದಲ್ಲಿದ್ದೇನೆ ಎಂದು ಅಬ್ಬರಿಸಿದೆ. ಎರಡು ಮಕ್ಕಳು ಕಿಟಾರನೆ ಕಿರುಚಿಕೊಂಡವು.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಚೈತ್ರ ಕಂಡಳು. ಕೈಯಲ್ಲಿ ಕಡುಬಿನ ತಟ್ಟೆ, ಕೊರಳಲ್ಲಿ ಅರಿಶಿನ ಮಾಸದ ತಾಳಿ. ಆ ಮನೆಗೆ ಬಂದು ಮೂರು ದಿನ. ನಾವು ಜೀಪು ಹತ್ತಿ ಹೋಗಿಬಿಡುತ್ತೇವೆ. ಈ ಮಾತುಗಳ ನಡುವೆ ಬದುಕಬೇಕಾದವಳು ಅವಳು. ಅಲ್ಲಿಯವರೆಗೆ ನನಗೆ ಗಾಬರಿಯಿತ್ತು, ಸಿಟ್ಟಿತ್ತು. ಆ ಮುಖ ನೋಡಿದ ಮೇಲೆ ಬಂದಿದ್ದು ನಾಚಿಕೆ.

ಅವಳು ತಟ್ಟೆ ಕೆಳಗಿಟ್ಟು ಅತ್ತೆಯ ಹತ್ತಿರ ಹೋದಳು.

“ಅತ್ತೆ, ನಮ್ಮಾವಂಗೆ ನಿಮ್ ಮೇಲೆ ಏನೂ ಇಲ್ಲ. ಒಂದ್ ತಿಂಗ್ಳಿಂದ ಮನೇಲೂ ಹಿಂಗೇಯ. ಬರೀ ಕಾಳು ತಿಂದೂ ತಿಂದೂ ತಲೆ ಒಂಥರಾ ಆಗೈತೆ.”

ಶಾಮಿಯಾನ ತಣ್ಣಗಾಯಿತು. ಎಲ್ಲರೂ ನನ್ನನ್ನು ನೋಡಿದರು. ನನ್ನ ತಲೆ ಸರಿಯಾಗಿದೆ ಎಂದು ಸಾಧಿಸಬಹುದಿತ್ತು. ಸಾಧಿಸಿದರೆ ಜಗಳ ಮತ್ತೆ ಶುರುವಾಗುತ್ತಿತ್ತು. ಚೈತ್ರ ನನ್ನನ್ನೇ ದಿಟ್ಟಿಸುತ್ತಿದ್ದಳು.

“ಹೌದು ಬೀಗಿತ್ತಿ, ಒಂಥರಾ ಆಗೈತೆ. ತಪ್ಪಾಯ್ತು” ಎಂದು ಕೈಮುಗಿದೆ.

ಆಮೇಲೆ ನಡೆದ ಉಪಚಾರವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ರುದ್ರೇಗೌಡರು ಪಕ್ಕದಲ್ಲೇ ಕೂತು, ಹೆದರಬೇಡಿ, ಮೆಲ್ಲಗೆ ಉಣ್ಣಿ ಎಂದು ಮಗುವಿಗೆ ಹೇಳುವಂತೆ ಹೇಳಿದರು. ಯಾರೋ ಗಾಳಿ ಬೀಸಿದರು. ಚಿಕ್ಕಪ್ಪ ಮರಳಿ ಕೂತು, ಇವನು ಚಿಕ್ಕಂದಿನಿಂದಲೂ ಸ್ವಲ್ಪ ಹಾಗೇ ಎಂದು ಅಕ್ಕಪಕ್ಕದವರಿಗೆ ಹೇಳುತ್ತ ಮೂರು ಸಲ ಸಾರು ಹಾಕಿಸಿಕೊಂಡರು. ಅಪನಂಬಿಕೆ ಹೋಗಲೆಂದು ನಾನು ಆರು ಕಡುಬು ತಿಂದೆ. ಆರನೆಯದು ಅಪನಂಬಿಕೆಗಲ್ಲ, ಸಾರು ಬಹಳ ಚೆನ್ನಾಗಿತ್ತು. ಅದಕ್ಕೂ ನಾಚಿಕೆಯಾಯಿತು.

ಒಂದು ವಾರ ನಾನು ಯಾರಿಗೂ ಮುಖ ಕೊಟ್ಟು ಮಾತಾಡಲಿಲ್ಲ. ನನ್ನಿಂದ ಆ ಹುಡುಗಿಗೆ ಅಲ್ಲಿ ಏನು ಮಾತು ಕೇಳಬೇಕಾಗಿ ಬಂದಿದೆಯೋ ಎಂಬ ಕೊರಗು. ಕೊನೆಗೆ ತಡೆಯಲಾರದೆ ಫೋನು ಮಾಡಿ, ಹೇಗಿದ್ದೀಯ ಎಂದು ಕೇಳಿದೆ.

ಚೆನ್ನಾಗಿದ್ದಳು. ಬಹಳ ಚೆನ್ನಾಗಿದ್ದಳು! ಹಿಂದಿನ ದಿನ ಸಾರಿಗೆ ಉಪ್ಪು ಎರಡು ಸಲ ಹಾಕಿದ್ದಳಂತೆ. ಅತ್ತೆ ಒಂದು ಮಾತೂ ಬೈಯದೆ, ಪಾಪ, ಉಪ್ಪೇ ಇಲ್ಲದ ಮನೆಯಿಂದ ಬಂದ ಮಗು, ಅಳತೆ ಹೇಗೆ ಗೊತ್ತಾಗಬೇಕು ಎಂದರಂತೆ. ಬೆಳಿಗ್ಗೆ ತಡವಾಗಿ ಎದ್ದರೆ, ಆ ಮಾವನ ಮನೆಯಲ್ಲಿ ಎಷ್ಟು ನಿದ್ದೆಗೆಟ್ಟಿದ್ದಳೋ, ಮಲಗಲಿ ಬಿಡಿ ಎನ್ನುತ್ತಾರಂತೆ.

ನನ್ನ ಮಾನ ಹೋದರೂ ಅವಳ ಬಾಳು ನೆಟ್ಟಗಿದೆ ಎಂದು ಸಮಾಧಾನವಾಯಿತು. ಆದರೂ ಮನುಷ್ಯನಲ್ಲವೇ? ಒಂದು ಸಲ ಬಂದು, ನನಗೆ ಏನೂ ಆಗಿಲ್ಲ ಎಂದು ನಿಮ್ಮ ಅತ್ತೆಗೆ ತಿಳಿಸಿ ಹೇಳಲೇ ಎಂದು ಕೇಳಿದೆ.

“ಬ್ಯಾಡ ಮಾವ” ಎಂದಳು. “ನೀವು ಸರಿಯಾಗ್ಬುಟ್ರೆ ನಂಗೆ ಕಷ್ಟ.”

ಹೀಗಾಗಿ ಈಗ ಆಲೂರು ಸಂತೆಯಲ್ಲಿ ಆ ಕಡೆಯವರು ಯಾರಾದರೂ ಸಿಕ್ಕಿ, ಈಗ ಹೇಗಿದ್ದೀರಿ ಎಂದು ದನಿ ತಗ್ಗಿಸಿ ಕೇಳಿದರೆ, ಹಾಗೇ ಇದೆ, ಇನ್ನೂ ಗುಣವಾಗಿಲ್ಲ ಎಂದು ತಲೆ ತಗ್ಗಿಸುತ್ತೇನೆ.