ಇತ್ತ ನೋಡಬ್ಯಾಡವಾ

ಮಕ್ಕಳ ಫೋಟೋ ತೆಗೆಯುವವರಲ್ಲಿ ಎರಡು ಜಾತಿ. ‘ಇತ್ತ ನೋಡು’ ಎನ್ನುವವರದು ಒಂದು, ‘ಇತ್ತ ನೋಡಬೇಡ’ ಎನ್ನುವವರದು ಇನ್ನೊಂದು. ನಾನು ಎರಡನೆಯ ಜಾತಿಯವನು. ಅದಕ್ಕಾಗಿ ಬಹಳ ದಿನ ಜಂಬ ಪಟ್ಟವನೂ ಹೌದು. ಇದಕ್ಕೆಲ್ಲ ಮೂಲ ನನ್ನ ಬಾಲ್ಯದ ಒಂದು ಫೋಟೋ. ದುರ್ಗದಬೈಲಿನ ಹತ್ತಿರದ ಸ್ಟುಡಿಯೋದಲ್ಲಿ ತೆಗೆಸಿದ್ದು. ತಲೆಗೆ ಎಣ್ಣೆ, ಮುಖಕ್ಕೆ ಸುಣ್ಣ ಹೊಡೆದಂತೆ ಪೌಡರ್. ‘ಉಸಿರ ಬಿಡಬ್ಯಾಡಲೇ’ ಎಂದು ಅಪ್ಪ ಗದರಿಸಿದ್ದರಿಂದ ಕಣ್ಣು ಕಿಸಿದುಕೊಂಡು ನಿಂತಿದ್ದೇನೆ. ನೋಡಿದವರೆಲ್ಲ ‘ಆಗ ಮೈಯಾಗ ಹುಷಾರಿರಲಿಲ್ಲೇನು?’ ಎಂದೇ ಕೇಳುತ್ತಾರೆ. ನನ್ನ ಕೂಸಿಗೆ ಈ ಗತಿ ಬರಬಾರದೆಂದು ಮಗಳು ಗೌರಿ ಹುಟ್ಟಿದಾಗಲೇ ಕ್ಯಾಮೆರಾ ಕೊಂಡೆ. ತೆಗೆದರೆ ಸಹಜವಾಗಿಯೇ ತೆಗೆಯಬೇಕು, ತೆಗೆದದ್ದು ಅವಳಿಗೆ ಗೊತ್ತೇ ಆಗಬಾರದು ಎಂದು ನಿಶ್ಚಯಿಸಿದೆ.

ಗೊತ್ತಾಗದೆ ಇರುತ್ತದೆಯೇ? ಬೆಂಗೇರಿಯ ನಮ್ಮ ಪುಟ್ಟ ಮನೆಯಲ್ಲಿ ಅಷ್ಟುದ್ದದ ಲೆನ್ಸ್ ಹಿಡಿದು ಬಾಗಿಲ ಮರೆಗೆ ನಿಂತವನು ಬೆಕ್ಕಿಗೂ ಕಾಣಿಸುತ್ತಾನೆ. ಗೌರಿ ನನ್ನನ್ನು ಕಂಡವಳೇ ಕುಣಿಯುತ್ತ ಬಂದು ಲೆನ್ಸಿಗೆ ಮೂಗು ಒತ್ತಿ ಹಲ್ಲು ಕಿಸಿಯುತ್ತಿದ್ದಳು. ‘ಇತ್ತ ನೋಡಬ್ಯಾಡವಾ, ನಾ ಇಲ್ಲೇ ಇಲ್ಲಂತ ತಿಳ್ಕೋ’ ಎಂದು ಬೇಡಿಕೊಳ್ಳುತ್ತಿದ್ದೆ. ನೋಡದಿದ್ದರೆ ಸಂಜೆಗೆ ಚುರುಮುರಿಯ ಗಿರ್ಮಿಟ್ ಎಂಬ ಆಸೆಯನ್ನೂ ಹಚ್ಚಿದೆ. ಗಿರ್ಮಿಟ್ಟಿನ ಮುಂದೆ ಯಾವ ಹಟ ನಿಂತೀತು? ಸ್ವಲ್ಪ ದಿನದಲ್ಲೇ ಕೂಸು ಪಳಗಿತು. ನಾನು ಕ್ಯಾಮೆರಾ ಎತ್ತಿದರೆ ಸಾಕು, ಗಲ್ಲ ತುಸು ತಗ್ಗಿಸಿ, ಕಿಟಕಿಯ ಕಡೆ ತಿರುಗಿ, ಏನೋ ಯೋಚನೆಯಲ್ಲಿ ಮುಳುಗಿದವಳಂತೆ ಕೂತುಬಿಡುತ್ತಿದ್ದಳು. ಹೆಂಡತಿ ಸವಿತಾ ಮಾತ್ರ, ‘ಒಂದರಾಗರೆ ಪೂರಾ ಮಾರಿ ಕಾಣೂ ಹಂಗ ತಗೀರಿ’ ಎನ್ನುತ್ತಿದ್ದಳು. ‘ಇದು ನಿನಗ ತಿಳಿಯೂದಿಲ್ಲ ಬಿಡು’ ಎಂದು ನಾನು ದೊಡ್ಡ ಕಲಾವಿದನಂತೆ ನಗುತ್ತಿದ್ದೆ.

ಮೊನ್ನೆ ಧಾರವಾಡದಿಂದ ನಮ್ಮ ಅಕ್ಕ ಬಂದಿದ್ದಳು. ಹೊಗಳಿಸಿಕೊಳ್ಳುವ ಆಸೆಯಿಂದ ಆಲ್ಬಮ್ ತಂದು ಅವಳ ತೊಡೆಯ ಮೇಲಿಟ್ಟೆ. ಒಂದೊಂದೇ ಹಾಳೆ ತಿರುವಿ, ಕೊನೆಗೆ ಕನ್ನಡಕ ತೆಗೆದು, ‘ತಮ್ಮಾ, ಕೂಸಿಗೆ ನಿನ್ನ ಮ್ಯಾಲ ಸಿಟ್ಟೈತೇನೋ? ಒಂದರಾಗೂ ನಿನ್ನ ಕಡೆ ನೋಡಿಲ್ಲಲ್ಲೋ!’ ಎಂದಳು. ಸವಿತಾ ಅಡುಗೆಮನೆಯಿಂದಲೇ ನಕ್ಕಳು. ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಗೌರಿಯ ಸಾಲಿಯ ಗುರುತಿನ ಚೀಟಿ ಹಿಡಿದು, ‘ಇದು ನೋಡು, ಎಷ್ಟ ಛಲೋ ನಕ್ಕಾಳ! ಯಾರ ತಗದಾರ ಇದನ್ನ?’ ಎಂದಳು. ಸ್ಟುಡಿಯೋದವನು ತೆಗೆದದ್ದು. ‘ಇತ್ತ ನೋಡ ತಂಗಿ’ ಎಂದಿದ್ದನಂತೆ, ಇವಳು ನೋಡಿದಳಂತೆ, ಅಷ್ಟೇ. ಅಂಚೆಚೀಟಿಯಷ್ಟು ಚಿಕ್ಕ ಆ ಫೋಟೋವನ್ನು ಗೋಡೆಯ ಕಡೆ ತಿರುಗಿಸಿ ಮತ್ತೆ ಗೂಟಕ್ಕೆ ಹಾಕಿದೆ.

ಅಕ್ಕ ಹೋದ ಮೇಲೆ ಕಂಪ್ಯೂಟರಿನಲ್ಲಿ ಹಳೆಯದನ್ನೆಲ್ಲ ಹುಡುಕಿದೆ. ಲೆನ್ಸಿಗೆ ಮೂಗು ಒತ್ತಿದ ಆ ಫೋಟೋಗಳು ಒಂದೂ ಇಲ್ಲ. ಮಸುಕಾಗಿವೆ, ಕೆಟ್ಟಿವೆ ಎಂದು ಆಯಾ ದಿನವೇ ಅಳಿಸಿಬಿಟ್ಟಿದ್ದೆ. ಆಗ ಅವಳು ನೋಡುತ್ತಿದ್ದುದು ಕ್ಯಾಮೆರಾವನ್ನಲ್ಲ, ನನ್ನನ್ನು. ಅದನ್ನೇ ನಾನು ಬೇಡವೆಂದು ಗಿರ್ಮಿಟ್ ಕೊಟ್ಟು ಬಿಡಿಸಿದ್ದೆ. ಬಹಳ ಸಂಕಟವಾಯಿತು.

ಮರುದಿನ ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಗೌರಿ ಈಗ ಆರನೆಯ ತರಗತಿ; ಕಿಟಕಿಯ ಹತ್ತಿರ ಅಭ್ಯಾಸ ಮಾಡುತ್ತಿದ್ದಳು. ಬರಿಗೈಯಲ್ಲಿ ಹೋಗಿ ಎದುರಿಗೆ ಕೂತು, ‘ಗೌರವ್ವಾ’ ಎಂದೆ. ‘ಸ್ವಲ್ಪ ಇತ್ತ...’ ಎನ್ನುವಷ್ಟರಲ್ಲಿ ಹುಡುಗಿ ಪುಸ್ತಕದಿಂದ ತಲೆ ಎತ್ತಿ, ಗಲ್ಲ ತುಸು ತಗ್ಗಿಸಿ, ಕಿಟಕಿಯ ಕಡೆ ತಿರುಗಿ ಕೂತಳು.

‘ಹೂಂ, ನೋಡಂಗಿಲ್ಲ. ತಗೀಪಾ’ ಎಂದಳು.

ಸುಳ್ಳೇಕೆ ಹೇಳಲಿ, ಬೆಳಕು ಮಾತ್ರ ಭಾಳ ಛಲೋ ಬಿದ್ದಿತ್ತು. ಕಪಾಟಿನ ಬೀಗದಕೈ ಎಲ್ಲಿಟ್ಟೆನೆಂದು ನನ್ನ ಕೈ ಆಗಲೇ ಕಿಸೆ ತಡಕಾಡುತ್ತಿತ್ತು.