ಪರಾತದಲ್ಲಿ ಉಳಿದ ಸಾಮಾನು

ಗಾಡಿ ರಿಪೇರಿ ಕೆಲಸ ನನ್ನಿಂದ ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಅಣ್ಣ. ಕೊಂಕಲ್ಲಿನ ಮನೆಯ ಕಟ್ಟೆಯ ಮೇಲೆ ಕುಳಿತು, ಹಲ್ಲಿನ ಸಂದಿಯಿಂದ ಅಡಿಕೆ ಚೂರು ತೆಗೆಯುತ್ತ ಹೇಳಿದ. ಎರಡನೆಯವರು ಶಹಾಪುರದ ಗ್ಯಾರೇಜಿನ ಉಸ್ತಾದರು. ನಾನು ಅವರಲ್ಲಿ ಸಾಮಾನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸಕ್ಕೆ ಸೇರಿದಾಗ ನನಗೆ ಮೂವತ್ತು ವರ್ಷ, ಓದಿದ್ದು ಮೂರನೇ ಇಯತ್ತೆ. ಮೂರನೆಯವರು ಸುರಪುರದ ಮಾಸ್ತರರು. ಅವರು ಹೇಳಲಿಲ್ಲ, ನಕ್ಕರು. ಹೇಳಿದ್ದನ್ನು ಮರೆಯಬಹುದು, ನಕ್ಕಿದ್ದನ್ನು ನಾನು ಮರೆಯುವವಳಲ್ಲ.

ಗ್ಯಾರೇಜು ಎಂದರೆ ಒಂದು ತಗಡಿನ ಶೆಡ್ಡು, ಎದುರಿಗೆ ಬೇವಿನ ಮರ. ಭಾನುವಾರ ಅಲ್ಲಿ ಹಳೇ ಗಾಡಿಗಳ ಹುಚ್ಚಿನವರು ಸೇರುತ್ತಿದ್ದರು. ದಿನಕ್ಕೊಂದು ಫಜೀತಿ ಆಗದೆ ಆ ಶೆಡ್ಡಿನ ಬಾಗಿಲು ಮುಚ್ಚಿದ್ದು ನಾನು ಕಂಡಿಲ್ಲ. ಮುಖ್ಯವಾಗಿ ಇಬ್ಬರು. ಒಬ್ಬರು ಈ ಮಾಸ್ತರರು, ವಿಜ್ಞಾನ ಕಲಿಸಿ ರಿಟೈರ್ ಆದವರು, ಅವರದು ಹಳೇ ಪೆಟ್ರೋಲ್ ಕಾರು. ಇನ್ನೊಬ್ಬರು ಹತ್ತಿ ಅಡತಿಯ ಸಾಹುಕಾರರು, ಅವರದು ಡೀಸೆಲ್ ಜೀಪು. ಇಬ್ಬರಿಗೂ ಗಾಡಿ ಓಡಿಸುವುದಕ್ಕಿಂತ ಬಿಚ್ಚುವುದು ಇಷ್ಟ. ಬಿಚ್ಚುವುದಕ್ಕಿಂತ ಇನ್ನೊಬ್ಬರ ಸಾಮಾನು ಅಡಗಿಸುವುದು ಇನ್ನೂ ಇಷ್ಟ.

ಉಸ್ತಾದರದು ಒಂದು ಪದ್ಧತಿ. ಬಿಚ್ಚಿದ್ದೆಲ್ಲ ಒಂದು ಪರಾತದಲ್ಲಿ, ಅಂದರೆ ದೊಡ್ಡ ಅಗಲ ತಟ್ಟೆಯಲ್ಲಿ ಇಡಬೇಕು. ಇಂಜಿನ್ ಮುಚ್ಚಿದ ಮೇಲೆ ಪರಾತ ಖಾಲಿ ಇರಬೇಕು. ಒಂದು ವಾಷರ್ ಉಳಿದರೂ ಮತ್ತೆ ಮೊದಲಿನಿಂದ ಬಿಚ್ಚಬೇಕು. ಸೇರಿದ ವಾರವೇ ನಾನು ನಟ್ಟು ಬಿಚ್ಚುವ ಪಾನಾ ಹಿಡಿಯುತ್ತೇನೆ ಎಂದಾಗ ಅವರು ಆ ಪರಾತ ತೋರಿಸಿ ಹೇಳಿದರು: "ತಂಗಿ, ನೀ ಒಬ್ಬಾಕಿನ ಒಂದು ಇಂಜಿನ್ ಬಿಚ್ಚಿ ಕಟ್ಟಿ, ಈ ಪರಾತ ಖಾಲಿ ಮಾಡಿ ತೋರ್ಸು. ಶೆಡ್ಡಿನ ಚಾವಿ ನಿನ್ನ ಕೈಯಾಗ ಕೊಡ್ತೀನಿ. ಆದ್ರ ಈ ಜನ್ಮದಾಗ ಅದು ಆಗಂಗಿಲ್ಲ."

ಜನ್ಮದ ಮಾತು ನನಗೆ ಬೇಕಿರಲಿಲ್ಲ. ಚಾವಿಯ ಮಾತನ್ನು ನೆನಪಿಟ್ಟುಕೊಂಡೆ.

ಸ್ಕೂಟರಿನ ರೇಡಿಯೇಟರ್

ಮೊದಲ ತಿಂಗಳು ಮಾಸ್ತರರು ನನ್ನನ್ನು ಕರೆದು, ಉಸ್ತಾದರ ಹಳೇ ಸ್ಕೂಟರಿಗೆ ರೇಡಿಯೇಟರ್ ಬೇಕಾಗಿದೆ, ಯಾದಗಿರಿಗೆ ಹೋಗಿ ತಾ ಎಂದರು. ಆ ಸ್ಕೂಟರು ಗಾಳಿಗೇ ತಣ್ಣಗಾಗುತ್ತದೆ, ಅದಕ್ಕೆ ನೀರೂ ಇಲ್ಲ, ರೇಡಿಯೇಟರೂ ಇಲ್ಲ. ಅದು ನನಗೆ ಗೊತ್ತಿರಲಿಲ್ಲ. ಹೋದೆ. ಯಾದಗಿರಿಯ ಅಂಗಡಿಯವರಿಗೆ ಮೊದಲೇ ಫೋನು ಹೋಗಿತ್ತು. ಅವರು ಗಂಭೀರವಾಗಿ, ಸ್ಟಾಕ್ ಮುಗಿದಿದೆ, ಸುರಪುರದಲ್ಲಿ ಕೇಳು ಎಂದರು. ಸುರಪುರದವರು ಹುಣಸಗಿಗೆ ಕಳಿಸಿದರು. ಹುಣಸಗಿಯಲ್ಲಿ ಒಬ್ಬ ಮುದುಕರಿಗೆ ಕನಿಕರ ಬಂದು, ಸ್ಟೂಲು ಹಾಕಿ ಕೂಡಿಸಿ, ಚಹಾ ತರಿಸಿ, "ಯವ್ವಾ, ಅಂಥಾ ಸಾಮಾನು ಈ ಲೋಕದಾಗ ಇಲ್ಲ. ನಿನ್ನ ಆಟ ಆಡಿಸ್ಯಾರ" ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಅಳು ಬರಲಿಲ್ಲ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಕೂಡಿಸಿಕೊಂಡೆ. ಶೆಡ್ಡಿಗೆ ಬಂದು ಸೆರಗಿನಿಂದ ಬೆವರು ಒರೆಸಿಕೊಂಡು ಹೇಳಿದೆ: "ಸಿಕ್ತ್ರಿ. ಭಾಳ ಒಜ್ಜಿ ಐತಿ, ಬಸ್ ಸ್ಟ್ಯಾಂಡಿನ್ಯಾಗ ಚಹಾದಂಗಡಿ ಹಿಂದ ಇಟ್ಟು ಬಂದೀನಿ. ಯಾರರೆ ಹೋಗಿ ತರ್ರಿ."

ಉಸ್ತಾದರು, ಮಾಸ್ತರರು, ಸಾಹುಕಾರರು ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಉಸ್ತಾದರು ಚಪ್ಪಲಿ ಮೆಟ್ಟಿದರು. ಸಾಹುಕಾರರು ಒಂದು ಹಗ್ಗವನ್ನೂ ತೆಗೆದುಕೊಂಡರು.

ಇಲ್ಲದ ಸಾಮಾನು ತರಲು ಹೋದವಳು ನಾನು ಒಬ್ಬಳೇ. ಇಲ್ಲವೆಂದು ಗೊತ್ತಿದ್ದೂ ಅದನ್ನು ಹೊತ್ತು ತರಲು ಹೋದವರು ಮೂರು ಮಂದಿ.

ಆ ದಿನದ ತಿರುಗಾಟ ದಂಡವಾಗಲಿಲ್ಲ. ಜಿಲ್ಲೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳೆಲ್ಲ ಒಂದೇ ದಿನ ಗೊತ್ತಾದವು. ಅಂಗಡಿಯವರಿಗೂ ನನ್ನ ಮುಖ ಮರೆಯಲಿಲ್ಲ.

ಪೊಲೀಸಪ್ಪನ ಮುಂದೆ

ಇದು ಮಾಸ್ತರರು ಸಾಹುಕಾರರಿಗೆ ಮಾಡಿದ್ದು. ಜೀಪಿನ ಬ್ರೇಕ್ ಲೈಟಿನ ವೈರಿಗೆ ಹಾರ್ನ್ ಜೋಡಿಸಿಬಿಟ್ಟರು. ಬ್ರೇಕು ಬರೋಬರಿ ಹಿಡಿಯುತ್ತದೆ, ಆದರೆ ಕಾಲಿಟ್ಟಾಗಲೆಲ್ಲ ಹಾರ್ನ್ ಕೂಗುತ್ತದೆ. ಸಾಹುಕಾರರು ಏನೂ ತಿಳಿಯದೆ ಹೊರಟರು. ಅಂದು ಸಂತೆ. ಮೆಣಸಿನಕಾಯಿ ಚೀಲದವರು, ಎಮ್ಮೆ, ಆಟೋ ಎಲ್ಲ ರಸ್ತೆಯಲ್ಲೇ. ಸಾಹುಕಾರರು ಬ್ರೇಕ್ ಒತ್ತುವುದು, ಹಾರ್ನ್ ಕೂಗುವುದು, ಜನ ತಿರುಗಿ ಬಯ್ಯುವುದು. ಗಾಬರಿಯಾಗಿ ಮತ್ತೆ ಬ್ರೇಕ್, ಮತ್ತೆ ಹಾರ್ನ್.

ಸರ್ಕಲ್ಲಿನಲ್ಲಿ ಪೊಲೀಸಪ್ಪ ಕೈ ಅಡ್ಡ ಹಿಡಿದ. ಸಾಹುಕಾರರು ಕಾನೂನು ಪಾಲಿಸುವ ಮನುಷ್ಯ. ಅವನ ಮುಂದೆಯೇ ಜೀಪು ನಿಲ್ಲಿಸಿ, ಬ್ರೇಕಿನ ಮೇಲೆ ಕಾಲು ಗಟ್ಟಿಯಾಗಿ ಒತ್ತಿ, ಕೈ ಮುಗಿದು ಕುಳಿತರು. ಹಾರ್ನ್ ನಿಲ್ಲಲೊಲ್ಲದು.

ಪೊಲೀಸಪ್ಪ ಕಿವಿ ಮುಚ್ಚಿಕೊಂಡು, ಹಾರ್ನ್ ಹೊಡಿಬ್ಯಾಡ ಎಂದು ಹೇಳುವುದಕ್ಕೆ ನಿಲ್ಲಿಸಿದರೆ ನನಗೇ ಹೊಡಿತೀಯಾ ಎಂದನಂತೆ. ಸಾಹುಕಾರರು ಎರಡೂ ಕೈ ಮೇಲೆತ್ತಿ ತೋರಿಸಿ, ನಾ ಮುಟ್ಟೇ ಇಲ್ಲ ಸಾಹೇಬ್ರ ಎಂದರಂತೆ. ಕೈಗಳನ್ನು ನೋಡಿ ಪೊಲೀಸಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಹಾಗಾದರೆ ಲಗೂನ ಹೋಗಿಬಿಡು ಮಾರಾಯಾ ಎಂದ.

ಸಕ್ಕರೆ ಡಬ್ಬಿ

ಒಮ್ಮೆ ಮಾತ್ರ ನಾನು ಅಡ್ಡ ನಿಂತೆ. ಹಾರ್ನಿನ ಸೇಡಿಗೆ ಸಾಹುಕಾರರು ಮಾಸ್ತರರ ಕಾರಿನ ಹಿಂದಿನ ಗಾಲಿಯ ಒಂದು ನಟ್ಟು ಬಿಚ್ಚಿ ಅಡಗಿಸಿದರು. ಸುರಪುರದ ತನಕ ಏನೂ ಆಗುವುದಿಲ್ಲ, ಒಂದು ನಟ್ಟಲ್ಲವೇ ಎಂಬುದು ಅವರ ವಾದ. ನಾನು ಕಾರಿನ ಮುಂದೆ ಹೋಗಿ ನಿಂತೆ. ಹಾರ್ನು, ಲೈಟು ಏನಾದರೂ ಮಾಡಿಕೊಳ್ಳಿ. ಬ್ರೇಕು, ಸ್ಟೇರಿಂಗು, ಗಾಲಿಯಲ್ಲಿ ನಗೆಚಾಟಿಕೆ ಬೇಡ ಎಂದೆ. ಹೆಂಗಸರಿಗೆ ಅಂಜಿಕೆ ಜಾಸ್ತಿ ಎಂದು ಸಾಹುಕಾರರು ನಕ್ಕರು.

"ಹೌದ್ರಿ ಸಾಹುಕಾರ್ರ, ಅಂಜಿಕಿ ಐತಿ," ಎಂದೆ. "ನಿಮ್ಮ ಚಾಳೀಸು ಕೊಡ್ರಿ. ಒಂದು ಸ್ಕ್ರೂ ತಗದು ಕೊಡ್ತೀನಿ. ಹಾಂಗ ಕಣ್ಣಿಗೆ ಹಾಕ್ಕೊಂಡು ಜೀಪು ಹೊಡ್ಕೊಂಡು ವಡಗೇರಾ ತನಕ ಹೋಗಿ ಬರ್ರಿ. ಒಂದ ಸ್ಕ್ರೂ ಅಲ್ಲೇನು?"

ಅವರು ಚಾಳೀಸನ್ನು ಜೇಬಿಗೆ ಹಾಕಿಕೊಂಡು ನಟ್ಟು ಹುಡುಕಲು ಎದ್ದರು. ಆದರೆ ಎಲ್ಲಿ ಇಟ್ಟಿದ್ದೆನೆಂದು ಅವರಿಗೇ ನೆನಪಿಲ್ಲ. ಡಬ್ಬಿ ಡಬ್ಬಿ ಸುರುವಿದ್ದಾಯಿತು. ಕೊನೆಗೆ ಎಲ್ಲರೂ ದಣಿದು ಚಹಾ ಮಾಡಿಸಿದರು. ಉಸ್ತಾದರು ಕಡೇ ಗುಟುಕು ಕುಡಿದು, ಗ್ಲಾಸಿನ ತಳದಲ್ಲಿ ಕುಳಿತಿದ್ದ ನಟ್ಟು ನೋಡಿ, ತಣ್ಣಗೆ ಹೇಳಿದರು: "ಸಕ್ಕರಿ ಡಬ್ಬಿ ಒಂದು ನೋಡಿದ್ದಿಲ್ಲ ನಾವು."

ಅಂದೇ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಾನೇ ಬರೆದೆ: ಗಾಲಿ, ಬ್ರೇಕು, ಸ್ಟೇರಿಂಗು ಮುಟ್ಟಬೇಡಿ. ಮಾಸ್ತರರು ಅದರಲ್ಲಿ ಒಂದೂ ತಪ್ಪು ಸಿಗದೆ ಬೇಜಾರು ಮಾಡಿಕೊಂಡರು. ನನಗೆ ಓದು ಕಲಿಸಿದ್ದು ಶಾಲೆಯಲ್ಲ. ಸಾಮಾನು ಸುತ್ತಿ ಬರುತ್ತಿದ್ದ ಪೇಪರು, ಡಬ್ಬಿಗಳ ಮೇಲಿನ ಹೆಸರು, ಆಮೇಲೆ ವಾಚನಾಲಯದ ಪುಸ್ತಕ. ತೊಳೆದ ಪ್ರತಿ ಸಾಮಾನಿನ ಚಿತ್ರ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಹೆಸರು ಬರೆದುಕೊಳ್ಳುತ್ತಿದ್ದೆ.

ಪರಾತ

ಉಸ್ತಾದರ ಮೊಣಕಾಲು ಕೈಕೊಟ್ಟವು. ಯಾದಗಿರಿಯ ಮಗಳ ಮನೆಗೆ ಹೋಗುತ್ತೇನೆ ಎಂದರು. ಟೈರ್ ಅಂಗಡಿ ಹಾಕುವವನೊಬ್ಬ ಶೆಡ್ಡು ಕೇಳಿಕೊಂಡು ಬಂದ. ನಾನು ಅವರ ಹಳೇ ಮಾತು ಎತ್ತಿದೆ. ಚಾವಿಯ ಮಾತು. ಆಡಿದ ಮಾತು ಆಡಿದ್ದೇ ಎಂದರು ಅವರು. ಸಾಹುಕಾರರ ಜೀಪಿನ ಇಂಜಿನ್ ರಿಪೇರಿಗೆ ಬಂದಿತ್ತು. ಬಿಚ್ಚಿ ಕಟ್ಟಲು ಗಡುವು ಭಾನುವಾರದ ಸಂಜೆ. ಪರಾತದಲ್ಲಿ ಏನಾದರೂ ಉಳಿದರೆ ಶೆಡ್ಡು ಟೈರಿನವನಿಗೆ.

ಭಾನುವಾರ ಎಲ್ಲರೂ ಬಂದರು. ನಾನು ಸೋಲುವುದನ್ನು ಗ್ರೂಪಿಗೆ ಹಾಕಬೇಕೆಂದು ಸಾಹುಕಾರರು ಮೊಬೈಲ್ ಹಿಡಿದು ನಿಂತರು. ಮಾಸ್ತರರು ಬೆಳಗ್ಗೆಯೇ ತಮ್ಮ ಕಾರಿನ ಕಾರ್ಬ್ಯುರೇಟರ್ ಬಿಚ್ಚಿ, ತೊಳೆದು, ಸಾಮಾನೆಲ್ಲ ತಟ್ಟೆಯಲ್ಲಿ ಹಾಕಿ ಕಿಟಕಿಯಲ್ಲಿ ಒಣಗಲು ಇಟ್ಟಿದ್ದರು. ಪಕ್ಕದಲ್ಲೇ ಗುಜರಿ ಸಾಮಾನಿನ ತಟ್ಟೆ. ಅವರು ಕಿಟಕಿಗೆ ಬೆನ್ನು ಕೊಟ್ಟು, ನನ್ನ ಪರಾತದ ಹತ್ತಿರವೇ ನಿಂತು, ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು. ಆ ಕೈ ಹಿಂದಿನ ತಟ್ಟೆಯಲ್ಲಿ ಏನೋ ತಡಕಾಡಿದ್ದು ನಾನು ಕಂಡೆ. ಸ್ವಲ್ಪ ಹೊತ್ತಿಗೆ ನನ್ನ ಪರಾತದಲ್ಲಿ ಟಿಣ್ ಎಂದು ಸದ್ದಾಯಿತು.

ನೋಡಿದೆ. ಕಡಲೆಕಾಳಿನಷ್ಟು ಹಿತ್ತಾಳೆ ತುಂಡು, ನಡುವೆ ಸೂಜಿಮೊನೆಯಷ್ಟು ತೂತು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್. ನನ್ನ ನೋಟ್‌ಬುಕ್ಕಿನ ಹನ್ನೊಂದನೇ ಪುಟ. ಡೀಸೆಲ್ ಜೀಪಿಗೆ ಕಾರ್ಬ್ಯುರೇಟರೇ ಇರುವುದಿಲ್ಲ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿ ಕೆಲಸ ಮುಂದುವರಿಸಿದೆ.

ಬಿಸಿಲು ಇಳಿಯುವ ಮೊದಲು ಕಡೇ ಬೋಲ್ಟು ಬಿಗಿದೆ. ಪರಾತವನ್ನು ಎತ್ತಿ ಬೋರಲು ಹಾಕಿದೆ. ಒಂದು ಹನಿ ಎಣ್ಣೆ ಬಿತ್ತು, ಅಷ್ಟೇ. ಜೀಪು ಎರಡನೇ ಸಲ ಸ್ಟಾರ್ಟ್ ಒತ್ತಿದಾಗ ಎದ್ದಿತು. ಉಸ್ತಾದರು ಬಾನೆಟ್ಟಿನ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮಾಸ್ತರರು ಬೋರಲು ಬಿದ್ದ ಪರಾತವನ್ನು ಎತ್ತಿ ಅದರ ಕೆಳಗೂ ನೋಡಿದರು.

ಆಮೇಲೆ ಅವರು ತಮ್ಮ ಕಾರ್ಬ್ಯುರೇಟರ್ ಕಟ್ಟಲು ಕುಳಿತರು. ಸ್ವಲ್ಪ ಹೊತ್ತಿಗೆ ತಟ್ಟೆ ಅಲುಗಾಡಿಸಿದರು. ಬಗ್ಗಿ ನೆಲ ನೋಡಿದರು. ಜೆಟ್ ಇಲ್ಲ. ಎಲ್ಲರೂ ಹುಡುಕಲು ಇಳಿದರು. ಸಾಹುಕಾರರು ಕಿಟಕಿಯ ಹೊರಗೆ ಹೋಗಿ ಬೇವಿನ ಎಲೆ ಕೆದರಿದರು. ಉಸ್ತಾದರು ಸಕ್ಕರೆ ಡಬ್ಬಿಯನ್ನು ಮೊದಲೇ ತೆರೆದು ನೋಡಿದರು. ನಾನೂ ಪೊರಕೆ ಹಿಡಿದು ಕಸ ಗುಡಿಸಿ ಹುಡುಕಿದೆ, ಯಾಕೆಂದರೆ ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲ.

ಮಾಸ್ತರರು ನಡುವೆ ಒಮ್ಮೆ ತಟ್ಟನೆ ನಿಂತರು. ಕಿಟಕಿ ನೋಡಿದರು. ಎರಡು ತಟ್ಟೆಗಳನ್ನು ನೋಡಿದರು. ತಮ್ಮ ಬಲಗೈ ನೋಡಿಕೊಂಡರು. ಗುಜರಿ ತಟ್ಟೆ ಎಂದುಕೊಂಡು ಆ ಕೈ ಹೋಗಿದ್ದು ತಮ್ಮದೇ ತಟ್ಟೆಗೆ.

"ಮಾಸ್ತರ, ಕಡೀಕ ಎಲ್ಲಿ ನೋಡಿದ್ರಿ ಅದನ್ನ?" ಎಂದು ಉಸ್ತಾದರು ಕೇಳಿದರು.

ಮಾಸ್ತರರು ಇಕ್ಕಟ್ಟಿಗೆ ಸಿಕ್ಕರು. ಹೇಳಿದರೆ ಕಳ್ಳತನ ಹೊರಬೀಳುತ್ತದೆ. ಹೇಳದಿದ್ದರೆ ಸುರಪುರಕ್ಕೆ ಬಸ್ಸೇ ಗತಿ. ಕೊನೆಗೆ ಮೆಲ್ಲಗೆ ಅಂದರು: "ಈ ತಂಗಿ ಪರಾತದಾಗ ಹಾಕೀನಿ."

"ನನ್ನ ಪರಾತ ಖಾಲಿ ಐತ್ರಿ," ಎಂದೆ. "ನೀವ ಎತ್ತಿ ನೋಡೀರಿ."

"ಹಾಂಗಾದ್ರ ಜೀಪಿನ ಇಂಜಿನ್ನಿನ್ಯಾಗ ಹೋಗೈತಿ," ಎಂದು ಸಾಹುಕಾರರು ಎದೆ ಹಿಡಿದುಕೊಂಡರು. ಮೊಬೈಲ್ ಇನ್ನೂ ರೆಕಾರ್ಡ್ ಆಗುತ್ತಲೇ ಇತ್ತು.

ಉಸ್ತಾದರು ನನ್ನ ಕಡೆ ನೋಡಿದರು. ನಾನು ಅವರ ಮುಂದೆ ಕೈ ಚಾಚಿದೆ. ಅವರು ಜೇಬಿನಿಂದ ಚಾವಿ ತೆಗೆದು ಅಂಗೈಯಲ್ಲಿ ಇಟ್ಟರು. ಚಾವಿ ಬಂದ ಮೇಲೆ ಸೆರಗಿನ ಗಂಟು ಬಿಚ್ಚಿದೆ.

"ಮಾಸ್ತರ, ಡೀಸೆಲ್ ಗಾಡಿಗೆ ಇದು ಇರಂಗಿಲ್ಲ ಅನ್ನೂದು ಮೂರನೇ ಇಯತ್ತೆದಾಕಿಗೂ ಗೊತ್ತೈತಿ. ತಗೋರಿ. ಈ ಶೆಡ್ಡಿನ ಮೊದಲ ಗಿರಾಕಿ ನೀವ."

ಈಗ ಆ ಶೆಡ್ಡು ನನ್ನದು. ಎರಡು ಸೆಟ್ ಪಾನಾ, ಒಂದು ಗಾಡಿ ಎತ್ತುವ ಯಂತ್ರ, ಗೋಡೆ ತುಂಬ ಪುಸ್ತಕ, ಬೇವಿನ ನೆರಳು ನನ್ನವು. ಇದಕ್ಕೆ ಕೊಟ್ಟಿದ್ದು: ಎಡಗೈ ತೋರುಬೆರಳಿನ ತುದಿ, ಒಂದು ಕಿವಿಯ ಅರ್ಧ ಕೇಳುವ ಶಕ್ತಿ, ಮತ್ತು ಅಣ್ಣನ ಮಗಳ ಮದುವೆ. ಸೀಮೆಎಣ್ಣೆ ವಾಸನೆಯವಳು ಬರಬೇಡ ಎಂದು ಅಣ್ಣ ಹೇಳಿಕಳಿಸಿದ್ದ, ನಾನೂ ಹೋಗಲಿಲ್ಲ. ಮಾಸ್ತರರು ಈಗಲೂ ಭಾನುವಾರ ಬರುತ್ತಾರೆ. ಒಳಗೆ ಬಂದ ಕೂಡಲೇ ಕೈ ಮುಂದೆ ಕಟ್ಟಿಕೊಂಡು ನಿಲ್ಲುತ್ತಾರೆ.